ಸಕ್ಕರೆ ಒಳಗೆ ಬರಬೇಕಂದ್ರೆ ಸೋಡಿಯಂ ಹೊರಗೆ ಹೋಗಬೇಕು

ಜೀವಕೋಶದ ಪೊರೆಯಲ್ಲಿ ಸಣ್ಣ ಕಣ ದಾಟುತ್ತೆ, ದೊಡ್ಡದು ನಿಲ್ಲುತ್ತೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಆಮ್ಲಜನಕದ ಅಣು ಸಲೀಸಾಗಿ ದಾಟುತ್ತದೆ, ಅದಕ್ಕಿಂತ ಸಣ್ಣದಾದ ಸೋಡಿಯಂ ಅಯಾನು ಹೊರಗೇ ನಿಲ್ಲುತ್ತದೆ. ಪೊರೆ ಅಂದರೆ ಕೊಬ್ಬಿನ ಎರಡು ಪದರ, ದಪ್ಪ ಸುಮಾರು 5 ನ್ಯಾನೋಮೀಟರ್ ಅಷ್ಟೇ. ಅಯಾನಿಗೆ ವಿದ್ಯುತ್ ಆವೇಶ ಇರುವುದರಿಂದ ಸುತ್ತಲೂ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಆ ನೀರನ್ನು ಬಿಟ್ಟು ಕೊಬ್ಬಿನೊಳಗೆ ಹೋಗೋದು ಅದಕ್ಕೆ ತುಂಬಾ ದುಬಾರಿ.

ಹಾಗಾಗಿ ಪ್ರೋಟೀನ್‌ಗಳೇ ದಾರಿ ಮಾಡಿಕೊಡಬೇಕು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಪೊಟ್ಯಾಸಿಯಂ ಚಾನೆಲ್. ಸೆಕೆಂಡಿಗೆ ಕೋಟಿಗಟ್ಟಲೆ ಪೊಟ್ಯಾಸಿಯಂ ಬಿಡುತ್ತದೆ, ಅದಕ್ಕಿಂತ ಸಣ್ಣದಾದ ಸೋಡಿಯಂ ಅನ್ನು ಮಾತ್ರ ಹೆಚ್ಚುಕಮ್ಮಿ ಬಿಡೋದೇ ಇಲ್ಲ. ಯಾಕೆ ಅನ್ನೋದನ್ನು ರೋಡರಿಕ್ ಮೆಕಿನನ್ ತಂಡ 1998ರಲ್ಲಿ ಚಾನೆಲ್‌ನ ರಚನೆಯನ್ನೇ ಕಂಡುಹಿಡಿದು ತೋರಿಸಿತು. ಅದರ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ, ಪೊಟ್ಯಾಸಿಯಂ ತನ್ನ ನೀರು ಕಳಚಿಟ್ಟು ಬಂದರೆ ಆ ನೀರಿನ ಜಾಗವನ್ನು ಇವು ಸರಿಯಾಗಿ ತುಂಬುತ್ತವೆ. ಸೋಡಿಯಂ ತೀರಾ ಚಿಕ್ಕದು, ಎಲ್ಲ ಕಡೆ ತಾಗುವುದಿಲ್ಲ. ಹಾಗಾಗಿ ಅದು ನೀರು ಬಿಟ್ಟು ಬರಲ್ಲ.

ಆದರೆ ಚಾನೆಲ್‌ನಲ್ಲಿ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗಲು ಮಾತ್ರ ಆಗುತ್ತದೆ. ಎದುರು ದಿಕ್ಕಿಗೆ ಹೋಗಬೇಕಂದ್ರೆ ಶಕ್ತಿ ಖರ್ಚು ಮಾಡಬೇಕು. ಆ ಕೆಲಸ ಮಾಡುವ ಪಂಪನ್ನು ಡೆನ್ಮಾರ್ಕ್‌ನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಪತ್ತೆಮಾಡಿ 1957ರಲ್ಲಿ ಪ್ರಕಟಿಸಿದರು, ನೊಬೆಲ್ ಬಂದದ್ದು 40 ವರ್ಷ ಬಿಟ್ಟು! ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣು ಒಂದು ಖರ್ಚಾದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ನಾವು ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಈ ಪಂಪಿಗೇ ಹೋಗುತ್ತದೆ.

ಇಷ್ಟೊಂದು ಖರ್ಚು ಯಾಕೆ? ಮೋಟಾರ್ ಹಾಕಿ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿಟ್ಟ ಹಾಗೆ ಇದು. ಹೊರಗೆ ಜಾಸ್ತಿಯಾದ ಸೋಡಿಯಂ ಒಳಗೆ ಬರಲು ಸದಾ ತುದಿಗಾಲಲ್ಲಿ ನಿಂತಿರುತ್ತದೆ, ಆ ಒತ್ತಡವನ್ನೇ ಕೋಶ ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಸಣ್ಣ ಕರುಳಿನಲ್ಲಿ ಎಸ್‌ಜಿಎಲ್‌ಟಿ1 ಅನ್ನುವ ಪ್ರೋಟೀನ್ ಇದೆ. 2 ಸೋಡಿಯಂ ಒಳಗೆ ಬರುವಾಗ ಜೊತೆಗೆ 1 ಗ್ಲೂಕೋಸ್ ಕರೆದುಕೊಂಡು ಬರುತ್ತದೆ, ಕೋಶದೊಳಗೆ ಆಗಲೇ ಗ್ಲೂಕೋಸ್ ಜಾಸ್ತಿ ಇದ್ದರೂ ಸರಿ. ಆಮೇಲೆ ಗ್ಲೂಕೋಸ್ ಕೋಶದ ಇನ್ನೊಂದು ಬದಿಯಿಂದ ರಕ್ತಕ್ಕೆ ಇಳಿಯುತ್ತದೆ, ಸೋಡಿಯಂ ಅನ್ನು ಪಂಪ್ ಅದೇ ಬದಿಗೆ ಎಸೆಯುತ್ತದೆ, ಇವೆರಡರ ಹಿಂದೆ ನೀರೂ ಹೋಗುತ್ತದೆ. ಎಷ್ಟೋ ಅಮೈನೋ ಆಮ್ಲಗಳೂ ಹೀಗೇ ಸೋಡಿಯಂ ಜೊತೆ ಒಳಗೆ ಬರುತ್ತವೆ.

ಭೇದಿಯಾದಾಗ ಕುಡಿಸುವ ಓಆರ್‌ಎಸ್‌ನಲ್ಲಿ ಸಕ್ಕರೆ ಇರೋದು ಮುಖ್ಯವಾಗಿ ಇದಕ್ಕೇ, ಶಕ್ತಿಗಲ್ಲ. ಕಾಲರಾ ಬಂದಾಗ ಅದರ ವಿಷದಿಂದ ಕರುಳಿನ ಕೋಶಗಳು ಕ್ಲೋರೈಡ್ ಸುರಿಯುತ್ತವೆ, ಅದರ ಹಿಂದೆ ಸೋಡಿಯಂ ಮತ್ತು ನೀರು ಹರಿದುಹೋಗುತ್ತವೆ. ಆದರೆ ಸಕ್ಕರೆ-ಸೋಡಿಯಂ ಜೋಡಿಯ ಈ ದಾರಿ ಹಾಳಾಗುವುದಿಲ್ಲ! ಬರೀ ಉಪ್ಪುನೀರು ಕೊಟ್ಟರೆ ಅಷ್ಟು ಹೀರಿಕೆ ಆಗಲ್ಲ, ಗ್ಲೂಕೋಸ್ ಸೇರಿಸಿದರೆ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಅಳತೆಯಲ್ಲಿ ಲೀಟರಿಗೆ ಸೋಡಿಯಂ 75 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ), ಗ್ಲೂಕೋಸ್ ಕೂಡ 75. ಸಕ್ಕರೆ ತಾನೇ, ಇನ್ನಷ್ಟು ಹಾಕೋಣ ಅಂತ ಮಾತ್ರ ದಯವಿಟ್ಟು ಹಾಕಬೇಡಿ. ಹೀರಿಕೆಯಾಗದೆ ಉಳಿದ ಸಕ್ಕರೆ ನೀರನ್ನು ಕರುಳಿನೊಳಗೇ ಎಳೆದುಕೊಳ್ಳುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ.