ಮನೆ ಬದಲಿಸುವಾಗ ಫ್ರಿಜ್ಜು, ವಾಷಿಂಗ್ ಮಷೀನು

ಫ್ರಿಜ್ಜಿನ ಪ್ಲಗ್ ಹಿಂದಿನ ದಿನವೇ ಕಿತ್ತು, ಬಾಗಿಲು ತೆರೆದಿಟ್ಟು ಐಸ್ ಪೂರ್ತಿ ಕರಗಿಸಿ. ಹಿಂಬದಿಯ ಕೆಳಗಿರುವ ನೀರಿನ ತಟ್ಟೆಯನ್ನೂ ಖಾಲಿ ಮಾಡಿ. ಮರೆತರೆ ಪಕ್ಕದಲ್ಲಿಟ್ಟ ಹಾಸಿಗೆ ಒದ್ದೆ. ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ, ಆಗ ಸ್ವಿಚ್ ಹಾಕಿದರೆ ಅದು ಎಣ್ಣೆ ಸಾಲದೆ ಓಡಿ ಕೆಡಬಹುದು. ವಿಧಿಯಿಲ್ಲದೆ ಮಲಗಿಸಿದ್ದರೆ, ಹೊಸ ಮನೆಯಲ್ಲಿ ನೇರ ನಿಲ್ಲಿಸಿ 24 ಗಂಟೆ ಮುಟ್ಟಬೇಡಿ. ನಿಂತೇ ಬಂದಿದ್ದರೆ 3–4 ಗಂಟೆ ಸಾಕು.

ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿನ ಸಾಗಣೆ ಬೋಲ್ಟುಗಳನ್ನು (ಹೊಸದಾಗಿ ಬಂದಾಗ ಡ್ರಮ್ ಅಲುಗದಂತೆ ಹಿಂಬದಿಯಲ್ಲಿ ಬಿಗಿದಿದ್ದವು) ಎಸೆದಿಲ್ಲ ತಾನೆ? ಹೊರಡುವ ಮುನ್ನ ಹಿಂಬದಿಗೆ ಮತ್ತೆ ಬಿಗಿಯಿರಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಡ್ರಮ್ ತೂಗಾಡಿ ಸ್ಪ್ರಿಂಗು, ಅದುರುವಿಕೆ ತಗ್ಗಿಸುವ ಡ್ಯಾಂಪರು ಹಾಳಾಗುತ್ತವೆ. ತಲುಪಿದ ಮೇಲೆ ಬಿಚ್ಚಲು ಮರೆತಿರೋ, ಮಷೀನು ಸ್ಪಿನ್ ಶುರುವಾದೊಡನೆ ಕುಣಿಯುತ್ತಾ ಜಾಗ ಬಿಟ್ಟು ನಡೆದೇಬಿಡುತ್ತದೆ.