ಅಮ್ಮನ ಒಂದು ಗಂಟೆ

ಹನ್ನೊಂದೂವರೆಯ ಮಾತ್ರೆಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತಾಳೆ. ಕೈಯಲ್ಲಿ ಬಿಡಿಸಿದ ಸೊಪ್ಪಿನ ತಟ್ಟೆ. ‘ನೆಲ ಹಿಡ್ಕೊಂಡಿದೆ ಕಣೋ’ ಎನ್ನುತ್ತಾಳೆ. ಹಿಂದಿನ ಮಾತ್ರೆಯ ಬಲ ಇಳಿದು ಕಾಲು ಏಳದ ಈ ಹೊತ್ತಿಗೆ ನಮ್ಮ ಮನೆಯಲ್ಲಿ ‘ಆಫ್’ ಅಂತಲೇ ಹೆಸರು; ಡಾಕ್ಟರ ಮಾತು ನಮ್ಮ ಬಾಯಿಗೂ ಹತ್ತಿಕೊಂಡಿತು.

ಪಾರ್ಕಿನ್ಸನ್ ಅಂತ ಗೊತ್ತಾಗಿ ಏಳು ವರ್ಷ. ಕೈ ನಡುಗಿದ್ದು ಆಮೇಲೆ, ಮೊದಲು ಸುಳಿವು ಕೊಟ್ಟಿದ್ದು ರಂಗೋಲಿ. ಶ್ರೀನಗರದ ನಮ್ಮ ಬಾಗಿಲ ಮುಂದೆ ಅವಳ ಹದಿನೈದು ಚುಕ್ಕಿಯ ರಂಗೋಲಿ ಗೇಟಿನವರೆಗೂ ಹರಡುತ್ತಿತ್ತು. ಅದೇ ಹದಿನೈದು ಚುಕ್ಕಿ ಬರಬರುತ್ತಾ ಊಟದ ತಟ್ಟೆಯಷ್ಟಾಯಿತು.

ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು. ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ಎಂಬ ಔಷಧ ದಾಟುತ್ತದೆ, ಒಳಹೋಗಿ ಡೋಪಮೈನ್ ಆಗುತ್ತದೆ. 1960ರ ದಶಕದಿಂದ ಇವತ್ತಿನವರೆಗೂ ಮುಖ್ಯ ಆಧಾರ ಅದೇ. ನಸುಗುನ್ನಿ ಬೀಜದಲ್ಲೂ ಅದಿದೆ, ಭಾರತದ ವಿಜ್ಞಾನಿಗಳು 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಕನಕಪುರದ ನೆಂಟರೊಬ್ಬರು ಪುಡಿ ಮಾಡಿ ತಂದುಕೊಟ್ಟರು. ಪ್ರೀತಿಯಿಂದಲೇ ತಂದದ್ದು, ಆದರೆ ಒಂದು ಚಮಚದಲ್ಲಿ ಎಷ್ಟಿದೆಯೋ ಯಾರು ಅಳೆದವರು? ಕೊಡಲಿಲ್ಲ.

ಲೆವೊಡೋಪಾದ ತೊಂದರೆ ಎಂದರೆ ಅದು ಏರುತ್ತದೆ, ಇಳಿಯುತ್ತದೆ. ಊಟದ ಪ್ರೋಟೀನ್ ಬೇರೆ ಅದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಅಮ್ಮನಿಗೆ ಪ್ರಾಣವಾದ ಗಟ್ಟಿ ಬೇಳೆ ಹುಳಿ ಈಗ ರಾತ್ರಿಗೆ ಹೋಗಿದೆ. ನಡುವೆ ಡೋಪಮೈನಿನಂತೆಯೇ ಕೆಲಸ ಮಾಡುವ ಇನ್ನೊಂದು ಮಾತ್ರೆ ಸೇರಿಸಿದ್ದರು. ಹದಿನೈದೇ ದಿನಕ್ಕೆ ‘ಹಿತ್ತಲಲ್ಲಿ ಯಾವುದೋ ಮಕ್ಕಳು ಕೂತಿವೆ, ಅನ್ನ ಹಾಕು’ ಎಂದಳು. ನಿಲ್ಲಿಸಿದರು.

ಅಂಥ ಹಳೆಯ ಮಾತ್ರೆಗಳು ಹೆಚ್ಚಾಗಿ ಡಿ2, ಡಿ3 ಎಂಬ ಗ್ರಾಹಕಗಳನ್ನು, ಅಂದರೆ ಜೀವಕೋಶದ ಮೇಲೆ ಡೋಪಮೈನ್ ಬಂದು ಕೂರುವ ತಾಣಗಳನ್ನು, ತಟ್ಟುತ್ತವೆ. ಟವಾಪಡಾನ್ ಎಂಬ ಹೊಸ ಮಾತ್ರೆ ಡಿ1, ಡಿ5ನ್ನು, ಅದೂ ಅರೆಬರೆಯಾಗಿ ತಟ್ಟುತ್ತದೆ; ದಿನಕ್ಕೆ ಒಂದೇ ಸಲ. ಲೆವೊಡೋಪಾ ತೆಗೆದುಕೊಳ್ಳುತ್ತಿದ್ದ 507 ಜನರ ಮೇಲೆ 27 ವಾರ ನಡೆದ ಪರೀಕ್ಷೆಯಲ್ಲಿ, ಕಾಡುವ ಅನೈಚ್ಛಿಕ ಚಲನೆಗಳಿಲ್ಲದ ‘ಆನ್’ ಹೊತ್ತು, ಅಂದರೆ ಮಾತ್ರೆ ಕೆಲಸ ಮಾಡಿ ಮೈ ಮಾತು ಕೇಳುವ ಹೊತ್ತು, ಹುಸಿಮಾತ್ರೆಯವರಿಗಿಂತ ದಿನಕ್ಕೆ 1.1 ಗಂಟೆ ಹೆಚ್ಚಿತು. ಇಷ್ಟೇನಾ ಎಂದು ತಮ್ಮ ಕೇಳಿದ. ಇಷ್ಟೇ. ಆದರೆ ಒಂದು ಗಂಟೆ ಎಂದರೆ ಅಮ್ಮ ತಾನೇ ಸ್ನಾನ ಮಾಡಿ, ತಾನೇ ಸೀರೆ ಉಟ್ಟು, ದೇವರಿಗೆ ದೀಪ ಹಚ್ಚುವಷ್ಟು ಹೊತ್ತು. ಅದನ್ನು ಕಡಿಮೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಲ್ಜೈಮರ್ ಇರುವ ದೊಡ್ಡಮ್ಮನ ಸಲುವಾಗಿ ಇನ್ನೊಂದು ಪರೀಕ್ಷೆಯನ್ನೂ ಓದಿದೆ. ಇಟಲಿಯಲ್ಲಿ 94 ಜನರಿಗೆ 24 ವಾರ ಮೈಗೆ, ಡೋಪಮೈನಿನಂತೆಯೇ ಕೆಲಸ ಮಾಡುವ ರೋಟಿಗೋಟಿನ್ ಔಷಧದ ಪಟ್ಟಿ ಅಥವಾ ಹುಸಿಪಟ್ಟಿ ಅಂಟಿಸಿ ನೋಡಿದ್ದರು, 2020ರ ವರದಿ. ಮುಖ್ಯ ಅಳತೆಯಲ್ಲಿ, ಅಂದರೆ ನೆನಪು-ಗ್ರಹಿಕೆಯ ಪರೀಕ್ಷೆಯಲ್ಲಿ, ವ್ಯತ್ಯಾಸ ಕಾಣಲಿಲ್ಲ. ದಿನದ ಕೆಲಸಗಳಲ್ಲಿ ಮಾತ್ರ ಔಷಧ ಪಡೆದವರು ಅಷ್ಟಾಗಿ ಹಿಂದೆ ಬೀಳಲಿಲ್ಲ.

ಟವಾಪಡಾನ್ ನಮ್ಮ ಔಷಧದಂಗಡಿಗೆ ಬಂದಿಲ್ಲ. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ನಿನ್ನೆ ಹೊಸ್ತಿಲ ಮುಂದೆ ಅಡ್ಡಡ್ಡ ಬಿಳಿ ಟೇಪು ಅಂಟಿಸಿದೆ. ಗೆರೆ ಕಂಡರೆ ಕಾಲು ಏಳುತ್ತದಂತೆ. ಅಮ್ಮ ಬಂದು ನಿಂತಳು. ಬಗ್ಗಿ ನೋಡಿದಳು. ಬಲಗಾಲು ಎತ್ತಿ ಮೊದಲ ಗೆರೆ ದಾಟಿದಳು, ಎರಡನೆಯದನ್ನೂ ದಾಟಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ‘ಮೂರನೇ ಗೆರೆ ಸೊಟ್ಟಗಿದೆ, ಕಿತ್ತು ಸರಿಯಾಗಿ ಅಂಟಿಸು’ ಎಂದಳು.