ಮಹಾಗನಿ ಕೈಕುರ್ಚಿ: ಮೊದಲು ಮಗುಚಿ ನೋಡಿ

ಕೆತ್ತನೆ ಚೆಂದ ಇದೆ ಎಂಬ ಒಂದೇ ಕಾರಣಕ್ಕೆ ಹಳೆಯ ಇಂಗ್ಲಿಷ್ ಕೈಕುರ್ಚಿಗೆ ದುಡ್ಡು ಸುರಿಯಬೇಡಿ. ಬೆನ್ನಿನ ಬಳ್ಳಿ, ಗುಂಡನ್ನು ಹಿಡಿದ ಹದ್ದಿನ ಪಾದ, ಇವನ್ನು ಒಳ್ಳೆಯ ಕೆತ್ತನೆಗಾರ ಯಾವ ಕಾಲದಲ್ಲಾದರೂ ಮಾಡಬಲ್ಲ. ಲಂಡನ್ನಿನ ಪೀಠೋಪಕರಣ ತಯಾರಕ ಥಾಮಸ್ ಚಿಪ್ಪೆಂಡೇಲ್ ತನ್ನ ವಿನ್ಯಾಸಗಳನ್ನು 1754ರಲ್ಲೇ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದನ್ನು ನೋಡಿ ಯಾರು ಬೇಕಾದರೂ ಕುರ್ಚಿ ಮಾಡಬಹುದಿತ್ತು, ಮಾಡಿದರು ಕೂಡ. ಹಾಗಾಗಿ ಬೆಂಗಳೂರಿನ ಅಂಗಡಿಯಲ್ಲಿ ‘ಚಿಪ್ಪೆಂಡೇಲ್’ ಅಂದರೆ ಶೈಲಿಯ ಹೆಸರು ಎಂದಷ್ಟೇ ತಿಳಿಯಿರಿ.

ಮರವನ್ನು ಮೊದಲು ಗುರುತಿಸಿ. ಬೀಟೆಯಲ್ಲಿ ಕಪ್ಪು ಗೆರೆ ಓಡುತ್ತದೆ, ತೇಗ ಮುಟ್ಟಿದರೆ ಎಣ್ಣೆಯ ಜಿಡ್ಡು. ಮಹಾಗನಿಯಲ್ಲಿ ಸಣ್ಣ ರಂಧ್ರಗಳು ಎಲ್ಲ ಕಡೆ ಹರಡಿರುತ್ತವೆ. ಕ್ಯೂಬಾ, ಜಮೈಕಾ ಕಡೆಯ ಗಟ್ಟಿ ಮರವಾದರೆ ಆ ರಂಧ್ರಗಳಲ್ಲಿ ಸುಣ್ಣದಂಥ ಬಿಳಿ ಪುಡಿ ಕಾಣುವುದುಂಟು. 1721ರಲ್ಲಿ ಬ್ರಿಟನ್ ತನ್ನ ಅಮೆರಿಕದ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ ಈ ಮರ ಲಂಡನ್ನಿನಲ್ಲಿ ವಾಲ್‌ನಟ್ (ಅಕ್ರೋಟು) ಮರದ ಜಾಗ ಹಿಡಿಯಿತು. ಸೊಟ್ಟಗಾಗುವುದು ಕಡಿಮೆ, ಉಳಿಯಿಂದ ಕೆತ್ತಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ಬೆನ್ನುಪಟ್ಟಿಯನ್ನು, ಅಂದರೆ ಬೆನ್ನಿನ ನಡುವಿನ ನೆಟ್ಟಗಿನ ಹಲಗೆಯನ್ನು, ಜಾಲರಿಯಂತೆ ಕೊರೆದರೂ ಮುರಿಯದೆ ನಿಲ್ಲುತ್ತದೆ.

ಈಗ ಕುರ್ಚಿ ಮಗುಚಿ, ಟಾರ್ಚ್ ಹಿಡಿಯಿರಿ. ಸೀಟಿನ ಚೌಕಟ್ಟಿನ ಒಳಮೈಯಲ್ಲಿ ನೇರವಾದ ಗರಗಸದ ಗೆರೆ ಇದ್ದರೆ ಅದು ಕೈಗರಗಸದ್ದಿರಬಹುದು. ಕಮಾನಿನಂತೆ ಬಾಗಿದ ಗೆರೆಗಳು ಯಂತ್ರದಲ್ಲಿ ತಿರುಗುವ ದುಂಡು ಗರಗಸದವು. ಅಂಥ ಕುರ್ಚಿಯನ್ನು 18ನೇ ಶತಮಾನದ್ದು ಎಂದು ನಂಬಬೇಡಿ. ಸ್ಕ್ರೂ ಒಂದನ್ನು ಬಿಚ್ಚಿ ನೋಡಿ. ಕೈಯಲ್ಲಿ ಮಾಡಿದ ಹಳೆಯ ಸ್ಕ್ರೂವಿನ ತುದಿ ಮೊಂಡು, ತಲೆಯ ಗೀರು ಮಧ್ಯದಿಂದ ಸರಿದಿರುತ್ತದೆ. ಚೂಪು ತುದಿಯ ಸ್ಕ್ರೂ 19ನೇ ಶತಮಾನದ ನಡುವಿನ ನಂತರದ್ದು. ಆದರೆ ಒಂದು ಸ್ಕ್ರೂ ಮಾತ್ರ ಹೊಸದಾದರೆ ಅದು ರಿಪೇರಿಯ ಗುರುತು ಅಷ್ಟೆ, ಇಡೀ ಕುರ್ಚಿಯನ್ನು ತಳ್ಳಿಹಾಕಬೇಡಿ.

ಬೆನ್ನುಪಟ್ಟಿ ಕೂತಿರುವ ಕೆಳಗಿನ ಪೀಠಪಟ್ಟಿಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಆ ಕಾಲದ ಒಳ್ಳೆಯ ಕೆಲಸದಲ್ಲಿ ಅದು ಬೇರೆ ತುಂಡು, ಹಿಂದಿನ ಚೌಕಟ್ಟಿನ ಮೇಲೆ ಕೂರಿಸಿದ್ದು. ಎರಡೂ ಒಂದೇ ಮರದಲ್ಲಿ ಕಡೆದಿದ್ದರೆ ನಂತರದ ಕೆಲಸ ಎಂಬ ಅನುಮಾನ ಇರಲಿ.

ಕೈಗಳ ವಿಷಯದಲ್ಲಿ ಮೋಸ ಹೆಚ್ಚು, ಏಕೆಂದರೆ ಕೈ ಇರುವ ಕುರ್ಚಿಗೆ ಬೆಲೆ ಜಾಸ್ತಿ. ಅಸಲಿ ಕೈಕುರ್ಚಿಯ ಸೀಟು ಅದೇ ಸೆಟ್ಟಿನ ಸಾದಾ ಕುರ್ಚಿಗಿಂತ ಸುಮಾರು 2 ಇಂಚಾದರೂ ಅಗಲ ಇರುತ್ತದೆ. ಅಗಲ ಒಂದೇ ಇದ್ದರೆ ಕೈಗಳನ್ನು ಆಮೇಲೆ ಅಂಟಿಸಿರಬಹುದು. ಅಳತೆ ಟೇಪು ಜೇಬಿನಲ್ಲಿರಲಿ.

ಇನ್ನು ಅಲುಗಾಟ. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಬಹುತೇಕ ಇಲ್ಲ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚಿನ ಒಣಹವೆಗೆ ಕುಗ್ಗಿ, ಮಳೆಗಾಲಕ್ಕೆ ಉಬ್ಬಿ, ತೂತಿನೊಳಗಿನ ಮರದ ನಾಲಿಗೆ ಸಡಿಲವಾಗುತ್ತದೆ, ಹಳೆಯ ಅಂಟು ಪುಡಿಯಾಗುತ್ತದೆ. ಆಗ ಮೊಳೆ ಹೊಡೆಸಬೇಡಿ. ಮೊಳೆ ಮರವನ್ನು ಸೀಳುತ್ತದೆ, ಮುಂದಿನ ರಿಪೇರಿಗೆ ಜೋಡಣೆ ಬಿಚ್ಚಲೂ ಬಿಡುವುದಿಲ್ಲ. ಪ್ಲಾಸ್ಟಿಕ್ಕಿನಂತೆ ಒಣಗುವ ಬಿಳಿ ಅಂಟೂ ಬೇಡ. ಅದರ ಮೇಲೆ ಮತ್ತೆ ಯಾವ ಅಂಟೂ ಸರಿಯಾಗಿ ಹಿಡಿಯದು.

ಬೇಕಾದ್ದು ಮರವಜ್ರ, ಚರ್ಮದಿಂದ ಮಾಡಿದ ಹಳೆಯ ಅಂಟು. ತೂಕದಲ್ಲಿ 1 ಪಾಲು ಅಂಟಿನ ಹರಳಿಗೆ 2 ಪಾಲು ತಣ್ಣೀರು ಹಾಕಿ ರಾತ್ರಿ ನೆನೆಸಿ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಸುಮಾರು 60 ಡಿಗ್ರಿಗೆ ಕಾಯಿಸಿ, ಕುದಿಸಬೇಡಿ, ಕುದಿದರೆ ಬಲ ಹೋಗುತ್ತದೆ. ಹಳೆ ಜೋಡಣೆ ಬಿಚ್ಚಲು ಸಿರಿಂಜಿನಲ್ಲಿ ಸ್ವಲ್ಪ ಸ್ಪಿರಿಟ್ ಬಿಟ್ಟು, ಸ್ವಲ್ಪ ಹೊತ್ತು ಕಾದು, ಬಟ್ಟೆ ಸುತ್ತಿದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಪಿರಿಟ್ ಹೊರಗೆ ಚೆಲ್ಲಿದರೆ ಅರಗಿನ ಪಾಲಿಶ್ ಕರಗುತ್ತದೆ, ಹನಿ ಬಿದ್ದ ಕೂಡಲೇ ಒರೆಸಿ. ಹಳೆ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ತೆಗೆದು, ಮರ ಒಣಗಿಸಿ, ಎರಡೂ ಭಾಗ ಬೆಚ್ಚಗಿರುವಾಗಲೇ ಅಂಟು ಹಚ್ಚಿ ಕೂರಿಸಿ. ಒಂದೆರಡು ನಿಮಿಷದಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಹಗ್ಗ ಸುತ್ತಿ ಕೋಲಿನಿಂದ ಹುರಿ ಬಿಗಿದು ಒಂದು ದಿನ ಬಿಡಿ.

ಕೆತ್ತನೆಗೆ ಉಪ್ಪುಕಾಗದ ಮುಟ್ಟಿಸಲೇಬಾರದು. ಅಂಚು ಒಮ್ಮೆ ದುಂಡಾದರೆ ಮರಳಿ ಬರುವುದಿಲ್ಲ. ಗುಂಡಿಗಳಲ್ಲಿ ಕಪ್ಪು ಕೂತು ಉಬ್ಬುಗಳು ಸವೆದು ಹೊಳೆಯುವುದೇ ಈ ಕೆತ್ತನೆಯ ಜೀವ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ತೆಳ್ಳಗೆ ಜೇನುಮೇಣ ಹಚ್ಚಿದರೆ ಸಾಕು.

ಎತ್ತಿ ತೆಗೆಯುವ ಸೀಟಿದ್ದರೆ ಕೊನೆಯದೊಂದು ಪರೀಕ್ಷೆ. ಹಳೆ ಬಟ್ಟೆ ತೆಗೆಯದೆ ಮೇಲೊಂದು ಹೊದಿಸಿದ್ದರೆ ಸೀಟು ದಪ್ಪವಾಗಿ ಚೌಕಟ್ಟನ್ನು ಒಳಗಿನಿಂದ ತಳ್ಳುತ್ತದೆ. ಮುಂಗಾಲಿನ ಜೋಡಣೆ ಬಾಯಿ ಬಿಡುವುದು ಹೀಗೆ. ಬಟ್ಟೆ ಹೊದಿಸಿದ ಮೇಲೂ ಸುತ್ತಲೂ ಸ್ವಲ್ಪ ಸಂದು ಉಳಿಯಬೇಕು. ಬಲವಂತವಾಗಿ ಗುದ್ದಿ ಕೂರಿಸಬೇಕಾದ ಸೀಟಿನ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿಸಿ. ಎಲ್ಲಕ್ಕಿಂತ ಅಡಿಯ ಬಟ್ಟೆಯ ಚೂರನ್ನೂ ಅದರ ಮೊಳೆಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ಕುರ್ಚಿಯ ಜೊತೆಗೇ ಇಡಿ.